ಇರಲಿ ಎಂದವರು ಮಾತ್ರೆಯಾಗಬೇಕು

ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು ಮಾತ್ರೆ ಎಂದು ನಾವೆಲ್ಲ ಶಾಲೆಯ ಛಂದಸ್ಸಿನ ಪಾಠದಲ್ಲಿ ಬಾಯಿಪಾಠ ಮಾಡಿದವರೇ. ಈ ಸೂತ್ರವನ್ನೇ ವೈದ್ಯಲೋಕವೂ ಹಿಡಿದುಕೊಂಡು, ಲಘು ಕಾಯಿಲೆಗೆ ಒಂದು, ಗುರುತರ ಕಾಯಿಲೆಗೆ ಎರಡು ಎಂದು ನಿಲ್ಲಿಸಿಬಿಟ್ಟಿದ್ದರೆ ನಮ್ಮ ಯಾಕಮ್ಮನಿಗೆ ಮಾಡಲು ಕೆಲಸವೇ ಇರುತ್ತಿರಲಿಲ್ಲ. ಆದರೆ ಲೋಕ ಎಲ್ಲಿ ನಿಲ್ಲಿಸುತ್ತದೆ? ಒಂದು ನೆಗಡಿಗೆ ನಾಲ್ಕು ಬಣ್ಣದ ಮಾತ್ರೆ, ಒಂದು ಸಿರಪ್ಪು, ಮೂಗಿಗೆ ಹನಿ, ಕೊನೆಗೆ ‘ಇರಲಿ’ ಅಂತ ಒಂದು ಟಾನಿಕ್ಕು. ನೆಗಡಿ ಪಾಪ ತನ್ನ ಪಾಡಿಗೆ ಬಂದು ತನ್ನ ಪಾಡಿಗೆ ಹೋಗುವ ಪ್ರಾಣಿ. ಅದಕ್ಕೆ ಇಷ್ಟೊಂದು ಮೆರವಣಿಗೆ!

ಯಾಕಮ್ಮ ವೈದ್ಯಕೀಯ ಕಾಲೇಜಿನಲ್ಲಿ ಔಷಧಶಾಸ್ತ್ರದ ಮೇಡಂ. ತಂದೆ ತಾಯಿ ಇಟ್ಟ ಹೆಸರೊಂದು ಅವರ ಕೋಣೆಯ ಬಾಗಿಲ ಮೇಲಿನ ಹಿತ್ತಾಳೆ ಫಲಕದಲ್ಲಿ ಇದೆ. ಆದರೆ ಆ ಬಾಗಿಲು ಸದಾ ತೆರೆದೇ ಇದ್ದು, ಫಲಕ ಗೋಡೆಗೆ ಮುಖ ಮಾಡಿಕೊಂಡಿರುವುದರಿಂದ ಅದನ್ನು ಓದಿದವರು ಯಾರೂ ಇಲ್ಲ. ಹುಡುಗರು ಇಟ್ಟ ಹೆಸರೇ ಗಟ್ಟಿಯಾಯಿತು. ತರಬೇತಿಯ ಡಾಕ್ಟರು ಬರೆದ ಚೀಟಿಯಲ್ಲಿ ಯಾವ ಔಷಧಿಯ ಮೇಲೆ ಬೆರಳಿಟ್ಟರೂ ಅವರ ಬಾಯಿಂದ ಬರುವುದು ಒಂದೇ ಪ್ರಶ್ನೆ. ಹುಡುಗನಾದರೆ "ಯಾಕಪ್ಪ?" ಹುಡುಗಿಯಾದರೆ "ಯಾಕಮ್ಮ?" ಹುಡುಗಿಯರೇ ಹೆಚ್ಚಿದ್ದ ಒಂದು ವರ್ಷ ಈ ಹೆಸರು ಹುಟ್ಟಿ, ಯಾವುದೋ ಉಗ್ರದೇವತೆಯ ಹೆಸರಿನ ಹಾಗೆ ಕಿವಿಗೆ ಒಪ್ಪಿ, ಶಾಶ್ವತವಾಗಿ ನಿಂತುಬಿಟ್ಟಿತು. ಅವರಿಗೂ ಗೊತ್ತಿತ್ತು. ಒಳಗೊಳಗೇ ಹೆಮ್ಮೆಯೂ ಇತ್ತು.

ಯಾಕಮ್ಮ ಆಳು ಗಿಡ್ಡ, ದನಿ ಎತ್ತರ. ಕನ್ನಡಕ ದಾರಕ್ಕೆ ಕಟ್ಟಿಕೊಂಡು ಎದೆಯ ಮೇಲೆ ನೇತಾಡುತ್ತಿರುತ್ತದೆ, ಆದರೂ ದಿನಕ್ಕೆರಡು ಸಲ ಅದನ್ನು ಇಡೀ ವಿಭಾಗವೇ ಹುಡುಕುತ್ತದೆ. ಪ್ರತಿ ಗುರುವಾರ ಊಟವಾದ ಮೇಲಿನ ತಾಸು ಅವರದು. ಮನುಷ್ಯಮಾತ್ರರಾದವರು ತೂಕಡಿಸುವ ಆ ಹೊತ್ತಿನಲ್ಲಿ ಔಷಧಿ ಚೀಟಿ ಬರೆಯುವುದನ್ನು ಕಲಿಸಬೇಕು. ಕಾಲೇಜಿನವರು ಕೊಟ್ಟ ಜಾಗ ಹಳೆಯ ಎಕ್ಸ್‌ರೇ ಕೋಣೆ. ಕಿಟಕಿ ಇಲ್ಲ. ಫ್ಯಾನಿನ ಸ್ವಿಚ್ಚು ಒತ್ತಿದರೆ ಹೊರಗಡೆ ಬಾಗಿಲ ಮೇಲಿನ ಕೆಂಪು ದೀಪವೂ ಹೊತ್ತಿಕೊಳ್ಳುತ್ತದೆ. ಆದ್ದರಿಂದ ಓಡಾಡುವವರೆಲ್ಲ ಒಳಗೆ ಅಪಾಯಕಾರಿ ಕಿರಣಗಳಿವೆ ಎಂದು ದೂರ ಸರಿದು ಹೋಗುತ್ತಾರೆ. ಅದು ಪೂರ್ತಿ ಸುಳ್ಳೂ ಅಲ್ಲ.

ಈ ರಣರಂಗದಲ್ಲಿ ಯಾಕಮ್ಮ ಯುದ್ಧ ಹೂಡಿದ್ದು ಯಾವ ರೋಗದ ಮೇಲೂ ಅಲ್ಲ. ‘ಇರಲಿ’ ಎಂಬ ಮೂರಕ್ಷರದ ಮೇಲೆ.

"ನೋಡ್ರಪ್ಪ, ಕ್ರಿಮಿಗಿಂತ ಕೆಟ್ಟದ್ದು ಈ ಇರಲಿ," ಎಂದು ಅವರ ಮೊದಲ ಪಾಠ ಶುರುವಾಗುತ್ತಿತ್ತು. "ಜ್ವರ ಯಾಕೆ ಬಂತೋ ಗೊತ್ತಿಲ್ಲ, ಒಂದು ಆಂಟಿಬಯಾಟಿಕ್ ಇರಲಿ. ಅದು ಹೊಟ್ಟೆ ಕೆಡಿಸುತ್ತೆ, ಅದಕ್ಕೊಂದು ಮಾತ್ರೆ ಇರಲಿ. ಸುಸ್ತು ಅಂತಾರೆ, ವಿಟಮಿನ್ ಇರಲಿ. ಎಲ್ಲಾನೂ ಇರಲಿ, ರೋಗಿ ಇರ್ತಾನೋ ಇಲ್ವೋ ಅದನ್ನ ಯಾರು ನೋಡ್ತೀರಿ?"

ಬರೀ ಬೈದರೆ ಬುದ್ಧಿ ಬರುವುದಿಲ್ಲವೆಂದು ಯಾಕಮ್ಮ ಒಂದು ಶಿಕ್ಷೆ ಕಂಡುಹಿಡಿದಿದ್ದರು. ಕೋಣೆಯಲ್ಲಿ ಯಾರ ಬಾಯಲ್ಲಿ ‘ಇರಲಿ’ ಬಂದರೂ ಉಳಿದವರೆಲ್ಲ ಒಟ್ಟಾಗಿ "ಯಾಕೆ?" ಎಂದು ಕೂಗಬೇಕು. ಇರಲಿ ಎಂದವರು ಎದ್ದು ಮುಂದೆ ಬಂದು ಆ ಮಾತ್ರೆಯಾಗಬೇಕು. ಕೋಟಿನ ಬೆನ್ನಿನ ಮೇಲೆ ಸೀಮೆಸುಣ್ಣದಲ್ಲಿ ಮಾತ್ರೆಯ ಹೆಸರು ಬರೆಯಲಾಗುತ್ತದೆ. ನಡುವೆ ಸ್ಟೂಲಿನ ಮೇಲೆ ಒಬ್ಬ ರೋಗಿ. ಮಾತ್ರೆಯಾದವರು ರೋಗಿಯೊಳಗೆ ಹೋಗಿ ತಾನೇನು ಮಾಡುತ್ತೇನೆಂದು ಎಲ್ಲರೆದುರು ಮಾಡಿ ತೋರಿಸಬೇಕು. ಉತ್ತರ ಬಂದರೆ ಚೀಟಿಯಲ್ಲಿ ಜಾಗ, ಬಾರದಿದ್ದರೆ ಗೇಟ್‌ಪಾಸು.

ನಗಬೇಡಿ, ಈ ನಾಟಕದಲ್ಲಿ ಬಹಳ ವಿದ್ಯೆ ಇತ್ತು. ಒಮ್ಮೆ ಬೆನ್ನುನೋವಿನ ರೋಗಿಯ ಸುತ್ತ ಇಷ್ಟು ಮಂದಿ ಮಾತ್ರೆಗಳು ಸೇರಿಕೊಂಡರು ಎಂದರೆ ಒಬ್ಬ ಹೊಟ್ಟೆ ಸುಡುವವ, ಒಬ್ಬ ಸುಡದಂತೆ ತಡೆಯುವವ, ಒಬ್ಬಳು ನಿದ್ದೆ ಬರಿಸುವವಳು, ಇನ್ನೊಬ್ಬಳು ಎಚ್ಚರ ಮಾಡುವವಳು, ಎಲ್ಲರೂ ತಳ್ಳಾಡಿ, ರೋಗಿ ಸ್ಟೂಲಿನಿಂದ ಬಿದ್ದು, ಅವನಿಗೆ ನಿಜವಾಗಿಯೂ ಬೆನ್ನುನೋವು ಬಂತು.

ಈ ಶಿಕ್ಷೆಯನ್ನು ಅತಿ ಹೆಚ್ಚು ಉಂಡವನು ‘ದೊರೆ’. ಅದು ಅವನ ಹೆಸರಲ್ಲ, ಬಿರುದು. ಔಷಧಿ ಬರೆಯುವುದರಲ್ಲಿ ಅವನು ಕೊಡುಗೈ ದೊರೆ. ಹಾಳೆಯ ಈ ಬದಿ ಮುಗಿದು ‘ಹಿಂದೆ ನೋಡಿ’ ಎಂದು ಬರೆದು ಹಿಂಬದಿಯಲ್ಲೂ ದಾನ ಮುಂದುವರಿಸುತ್ತಿದ್ದ. ಮನಸ್ಸು ಒಳ್ಳೆಯದು, ಯಾರ ಮುಖ ಬಾಡಿದರೂ ಸಹಿಸುವುದಿಲ್ಲ. "ಅವರು ಅಷ್ಟು ದೂರದಿಂದ ಬಂದಿರ್ತಾರಲ್ಲ ಮೇಡಂ, ಏನೂ ಕೊಡದೆ ಹೆಂಗೆ ಕಳಿಸೋದು?" ಎನ್ನುತ್ತಿದ್ದ. "ನೀನೇನು ಮದುವೆ ಮನೆ ಬಾಗಿಲಲ್ಲಿ ನಿಂತಿದ್ದೀಯೇನೋ?" ಎಂದು ಯಾಕಮ್ಮ ಕೇಳುತ್ತಿದ್ದರು. ಅವನ ಬಿಳಿ ಕೋಟಿನ ಬೆನ್ನು ಎಷ್ಟು ಒಗೆದರೂ ಬಿಳಿಯಾಗುತ್ತಿರಲಿಲ್ಲ. ಸೀಮೆಸುಣ್ಣದ ಪದರದ ಮೇಲೆ ಪದರ.

ಕಾಲೇಜಿನಲ್ಲಿ ಹೀಗೆ ಗುಡುಗುವ ಯಾಕಮ್ಮ ಮನೆಗೆ ಬಂದರೆ ಅಲ್ಲಿ ಬೇರೊಂದು ಚಕ್ರಾಧಿಪತ್ಯ. ಅದರ ಸಿಂಹಾಸನದ ಮೇಲೆ ಅವರ ಅತ್ತೆ. ಯಾಕಮ್ಮನ ಗಂಡ ಅಮ್ಮನಿಗೂ ಹೆಂಡತಿಗೂ ನಡುವೆ ಅಡ್ಡಗೋಡೆಯ ಮೇಲಿನ ದೀಪ. ಇಬ್ಬರಿಗೂ ಬೆಳಕು ಕೊಡುತ್ತಾ, ಯಾರಿಗೂ ಉಪಯೋಗಕ್ಕೆ ಬಾರದೆ, ಪತ್ರಿಕೆ ಓದುತ್ತಾ ಬದುಕಿದ್ದ ಸಜ್ಜನರು.

ಅತ್ತೆಯ ದೂರು ಒಂದೇ. "ಹಿತ್ತಲ ಗಿಡ ಮದ್ದಲ್ಲ ಅಂತ ಸುಮ್ನೆ ಹೇಳಿಲ್ಲ ಹಿರಿಯರು. ಸೊಸೆ ಡಾಕ್ಟರು, ಮನೇಲಿ ಒಂದು ಮಾತ್ರೆಗೆ ಗತಿಯಿಲ್ಲ. ಕೆಮ್ಮಿದ್ರೆ ಬಿಸಿನೀರು ಕುಡೀರಿ, ಮಂಡಿ ನೋವು ಅಂದ್ರೆ ನಡೀರಿ. ನಡೆಯೋಕ್ಕಾಗಲ್ಲ ಅಂತ ತಾನೇ ನೋವು ಅಂದಿದ್ದು!"

"ಅತ್ತೆ, ನಿಮಗೆ ಬಿಪಿ ಮಾತ್ರೆ ಒಂದಿದೆಯಲ್ಲ."

"ಒಂದು! ಪಾರ್ಕಿನಲ್ಲಿ ಹೇಳ್ಕೊಳ್ಳೋಕೆ ನಾಚಿಕೆಯಾಗುತ್ತೆ."

ಪಾರ್ಕಿನ ಬೆಂಚಿನ ಮೇಲೆ ಅತ್ತೆಯ ಸ್ನೇಹಿತೆಯರ ಸಭೆ ದಿನಾ ಸಂಜೆ ಸೇರುತ್ತಿತ್ತು. ನಿವೃತ್ತ ಟೈಪಿಸ್ಟಮ್ಮ, ದರ್ಜಿಯ ಹೆಂಡತಿ, ಇನ್ನೂ ಕೆಲವರು. ಅಲ್ಲಿ ಮನುಷ್ಯರ ಅಂತಸ್ತನ್ನು ಅಳೆಯುತ್ತಿದ್ದುದು ಮಾತ್ರೆಗಳಿಂದ. ಬೆಳಿಗ್ಗೆ ನಾಲ್ಕು, ರಾತ್ರಿ ಮೂರು ಎನ್ನುವವಳು ಬೆಂಚಿನ ನಡುವೆ ಕೂರುತ್ತಿದ್ದಳು. ಒಂದೇ ಮಾತ್ರೆಯವರು ತುದಿಯಲ್ಲಿ, ಅರ್ಧ ಗಾಳಿಯಲ್ಲಿ.

ಇನ್ನೊಂದು ವಿಷಯವನ್ನೂ ಇಲ್ಲೇ ಹೇಳಬೇಕು. ಔಷಧಿಯ ವಿಷಯದಲ್ಲಿ ಇಷ್ಟು ಕಟುವಾದ ಯಾಕಮ್ಮ ಅಡುಗೆಮನೆಯಲ್ಲಿ ಪ್ಲಾಸ್ಟಿಕ್ ಡಬ್ಬಿಗಳನ್ನು ಕೂಡಿಡುತ್ತಿದ್ದರು. ಅಂಗಡಿಯಿಂದ ಬಂದ ಯಾವ ಡಬ್ಬಿಯನ್ನೂ ಎಸೆದವರಲ್ಲ. ಮೇಲಿನ ಕಪಾಟಿನಲ್ಲಿ ಮುಚ್ಚಳವಿಲ್ಲದ ಡಬ್ಬಿಗಳು, ಡಬ್ಬಿಯಿಲ್ಲದ ಮುಚ್ಚಳಗಳು, ಒಂದಕ್ಕೊಂದು ಸಂಬಂಧವಿಲ್ಲದೆ ಒಟ್ಟು ಕುಟುಂಬದಂತೆ ತುಂಬಿಕೊಂಡಿದ್ದವು. ಯಾರೂ ಆ ಬಾಗಿಲು ತೆರೆಯುವ ಧೈರ್ಯ ಮಾಡುತ್ತಿರಲಿಲ್ಲ. ಅತ್ತೆ ಮಾತ್ರ ಕಪಾಟನ್ನು ಆಗಾಗ ನೋಡಿ ಮನಸ್ಸಿನಲ್ಲಿ ಇಟ್ಟುಕೊಂಡಿದ್ದರು.

ಹೀಗಿರಲು ಒಂದು ದಿನ ಪ್ರಾಂಶುಪಾಲರು ಯಾಕಮ್ಮನನ್ನು ಕರೆಸಿದರು. ಪ್ರಾಂಶುಪಾಲರು ಮೂಲತಃ ಮೂಳೆ ಡಾಕ್ಟರು. ಎತ್ತರದ ಆಳು, ಮುಂದೆ ಹೊಟ್ಟೆ. ಎಕ್ಸ್‌ರೇಯಲ್ಲಿ ಕಾಣದ ತೊಂದರೆ ತೊಂದರೆಯೇ ಅಲ್ಲ ಎಂದು ನಂಬಿದ್ದವರು.

"ನೋಡಿ ಮೇಡಂ, ದೂರಿನ ಪೆಟ್ಟಿಗೆ ತುಂಬ್ತಾ ಇದೆ. ನಿಮ್ಮ ಹುಡುಗರ ಹತ್ರ ಹೋದ್ರೆ ಬರೀ ಪ್ರಶ್ನೆ ಕೇಳಿ ಕಳಿಸ್ತಾರಂತೆ. ಎದುರುಗಡೆ ಕ್ಲಿನಿಕ್ಕಿನಲ್ಲಿ ಚೀಲ ತುಂಬಾ ಕೊಡ್ತಾರೆ. ರೋಗಿ ಮನೆಗೆ ಹೋಗೋವಾಗ ಕೈಯಲ್ಲಿ ಒಂದು ಸದ್ದಾಗ್ಬೇಕು ಮೇಡಂ. ಗಲಗಲ ಅನ್ಬೇಕು!"

"ಹಾಗಾದ್ರೆ ಗಿಲಕಿ ಕೊಟ್ಟು ಕಳಿಸೋಣ್ವಾ ಸರ್?"

ಪ್ರಾಂಶುಪಾಲರು ನಗಲಿಲ್ಲ. ನಗುವುದಕ್ಕೆಂದೇ ಅವರ ಬಳಿ ಬೇರೊಂದು ಯೋಜನೆ ಇತ್ತು. ಗುರುವಾರದ ಆ ತಾಸನ್ನು ಯಾಕಮ್ಮನಿಂದ ಕಿತ್ತುಕೊಂಡು ‘ನಗುಮುಖದ ಸೇವೆ’ ಎಂಬ ಹೊಸ ತರಬೇತಿಗೆ ಕೊಡುವುದು. ರೋಗಿಯನ್ನು ನೋಡಿ ಎಷ್ಟು ಹಲ್ಲು ಕಾಣಿಸುವಂತೆ ನಗಬೇಕೆಂದು ಕಲಿಸಲು ಹೊರಗಿನಿಂದ ಒಬ್ಬ ಪಂಡಿತರು ಬರುವವರಿದ್ದರು.

ಯಾಕಮ್ಮ ಲೆಕ್ಕ ಹಾಕಿದರು. ಆ ತಾಸು ಹೋಯಿತೆಂದರೆ ದೊರೆಯಂಥ ದೊರೆಗಳು ಸೀದಾ ಜನರ ಮೇಲೆ ಬಿದ್ದಂತೆ. ಅದೂ ನಗುತ್ತಾ.

"ಸರ್, ಮುಂದಿನ ಗುರುವಾರ ಹುಡುಗರ ಪರೀಕ್ಷೆ ಇದೆ. ನೀವೇ ಬಂದು ಕೂತ್ಕೊಳ್ಳಿ. ಒಬ್ಬ ರೋಗಿ, ಒಬ್ಬ ಹುಡುಗ. ನೋಡಿ ಆಮೇಲೆ ಹೇಳಿ."

"ಬರ್ತೀನಿ. ಆದ್ರೆ ಮಾತು ಮಾತೇ. ಹೊರಗೆ ಹೋಗೋವಾಗ ರೋಗಿ ಮುಖ ಅರಳಿರ್ಬೇಕು. ಸಿಂಡರಿಸಿಕೊಂಡು ಹೋದ್ರೆ ನಿಮ್ಮ ಗುರುವಾರ ನನ್ನದು."

ಗುರುವಾರ ಬಂತು. ಕೆಂಪು ದೀಪ ಹೊತ್ತಿತು. ಪ್ರಾಂಶುಪಾಲರು ಮುಂದಿನ ಸಾಲಿನಲ್ಲಿ ಎರಡು ಕುರ್ಚಿಯಷ್ಟು ಜಾಗ ಹಿಡಿದು ಕೂತರು. ಯಾಕಮ್ಮ ಪಕ್ಕದಲ್ಲಿ ಕೂತು, ಎದೆಯ ಮೇಲಿದ್ದ ಕನ್ನಡಕವನ್ನು ಚೀಲದಲ್ಲಿ ಹುಡುಕತೊಡಗಿದರು. ಆಗಲೇ ಮೊದಲ ಅನಾಹುತ. ರೋಗಿಯ ಪಾತ್ರಕ್ಕೆ ಗೊತ್ತುಮಾಡಿದ್ದ ಆಸ್ಪತ್ರೆಯ ತೋಟದ ಮಾಲಿ ಬಾಗಿಲಿಂದ ಇಣುಕಿ, ಪ್ರಾಂಶುಪಾಲರನ್ನು ಕಂಡು, ಬಂದ ಕಾಲಲ್ಲೇ ಪರಾರಿಯಾದ. ಹೊಟ್ಟೆನೋವೆಂದು ಅವನು ಅವರಿಂದಲೇ ರಜೆ ಪಡೆದಿದ್ದ.

"ಪರವಾಗಿಲ್ಲ," ಎಂದರು ಪ್ರಾಂಶುಪಾಲರು ಹುರುಪಿನಿಂದ, ಬಾಗಿಲ ಬಳಿಯಿದ್ದ ನರ್ಸಿನ ಕಡೆ ತಿರುಗಿ. "ಸಿಸ್ಟರ್, ಹೊರರೋಗಿಗಳ ಸಾಲಿನಲ್ಲಿ ಯಾರಿದ್ದಾರೋ ಒಬ್ಬರನ್ನ ಒಪ್ಪಿಸಿ ಕರ್ಕೊಂಡು ಬನ್ನಿ. ನಿಜವಾದ ರೋಗಿನೇ ಆಗ್ಲಿ. ಹುಡುಗನ್ನ ನಾನೇ ಆರಿಸ್ತೀನಿ. ಏಯ್, ಕೊನೆ ಬೆಂಚು, ನೀನು! ಮುಖ ಕಳೆಯಾಗಿದೆ. ಬಾ."

ದೊರೆ ಎದ್ದು ನಿಂತ. ಕೋಣೆಯಲ್ಲಿ ಒಂದು ನಿಟ್ಟುಸಿರು ಹಾದುಹೋಯಿತು. ಯಾಕಮ್ಮ ಕನ್ನಡಕ ಹುಡುಕುವುದನ್ನು ಬಿಟ್ಟರು. ಈಗ ನಡೆಯುವುದನ್ನು ಸ್ಪಷ್ಟವಾಗಿ ನೋಡದಿರುವುದೇ ಲೇಸೆಂದು ಅವರಿಗೆ ತೋರಿತು.

ಬಾಗಿಲು ತೆರೆಯಿತು. ಸಿಸ್ಟರ್ ಕೈಹಿಡಿದು ಕರೆತಂದದ್ದು ಇಸ್ತ್ರಿ ಮಾಡಿದ ಬಟ್ಟೆಯ, ತೋಳಿಗೆ ಚೀಲ ನೇತುಹಾಕಿಕೊಂಡ ಒಬ್ಬ ಗತ್ತಿನ ಹಿರಿಯರನ್ನು. ಕನ್ನಡಕವಿಲ್ಲದೆಯೂ ಯಾಕಮ್ಮ ಗುರುತಿಸಿದರು. ಅತ್ತೆ!

ಆದದ್ದು ಇಷ್ಟು. ಕೆಲವು ದಿನಗಳಿಂದ ಅತ್ತೆಗೆ ತಲೆ ಸುತ್ತುತ್ತಿತ್ತು. ಸೊಸೆಗೆ ಹೇಳಿದರೆ "ಯಾಕೆ?" ಎಂದು ಶುರುಮಾಡಿ ಎಲ್ಲಿಂದ ಎಲ್ಲಿಗೋ ಹೋಗುತ್ತಾಳೆಂದು ಗುಟ್ಟಾಗಿ ಆಸ್ಪತ್ರೆಗೆ ಬಂದು, ತಲೆಸುತ್ತಿಗೆ ಒಂದು ಚಂದದ ಮಾತ್ರೆ ಬರೆಸಿಕೊಂಡು ಹೋಗುವ ಉಪಾಯ ಹೂಡಿದ್ದರು. ಸೊಸೆಯ ಎದುರಿಗೇ ತಂದು ನಿಲ್ಲಿಸುತ್ತಾರೆಂದು ಅವರೇನು ಕನಸು ಕಂಡಿದ್ದರೇ?

"ಸರ್, ಇವರು ನಮ್ಮ..." ಎಂದು ಯಾಕಮ್ಮ ಬಾಯಿ ತೆರೆದರು.

"ಈ ಅಮ್ಮ ಯಾರೋ ನನಗೆ ಗೊತ್ತಿಲ್ಲಪ್ಪ," ಎಂದರು ಅತ್ತೆ ತಕ್ಷಣ. "ಮುಖ ನೋಡಿದ್ರೆ ಜಿಪುಣರ ಥರ ಕಾಣ್ತಾರೆ. ಇವರು ನನ್ನನ್ನ ನೋಡೋದು ಬೇಡ. ಈ ಹುಡುಗನೇ ನೋಡ್ಲಿ."

"ನೋಡಿದ್ರಾ ಮೇಡಂ, ರೋಗಿಗೆ ವಿಶ್ವಾಸ ಇದೆ. ನೀವು ಮಧ್ಯೆ ಬಾಯಿ ಹಾಕ್ಬೇಡಿ," ಎಂದರು ಪ್ರಾಂಶುಪಾಲರು.

"ಕೂತ್ಕೊಳ್ಳಿ ಅಜ್ಜಿ," ಎಂದ ದೊರೆ.

"ಅಜ್ಜಿ ನಿಮ್ಮನೇಲಿ. ಅಮ್ಮ ಅನ್ನು."

"ಏನಾಗ್ತಿದೆ ಅಮ್ಮ?"

"ತಲೆ ಸುತ್ತು. ಎದ್ದು ನಿಂತ್ರೆ ಗೋಡೆಗಳೆಲ್ಲ ವಾಕಿಂಗ್ ಹೊರಡ್ತವೆ. ಅದಕ್ಕೆ ಒಳ್ಳೇದು ಒಂದು ಬರೆದುಕೊಡು. ಎರಡು ಕೊಟ್ರೂ ಬೇಜಾರಿಲ್ಲ."

ದೊರೆಯ ಬೆರಳುಗಳಲ್ಲಿ ಹಳೆಯ ದಾನಗುಣ ಜುಮ್ಮೆಂದಿತು. ತಲೆಸುತ್ತಿಗೊಂದು, ಸುಸ್ತಿಗೊಂದು, ವಯಸ್ಸಿಗೊಂದು, ಎಲ್ಲವೂ ಪೆನ್ನಿನ ತುದಿಗೆ ಬಂದು ಸಾಲಾಗಿ ನಿಂತವು. ಪೆನ್ನು ಹಾಳೆಗೆ ತಾಗಿತು. ಅಷ್ಟರಲ್ಲಿ ಅವನ ಬೆನ್ನು ತುರಿಸಿತು. ಎಷ್ಟೋ ಗುರುವಾರಗಳ ಸೀಮೆಸುಣ್ಣ! ಆ ಬೆನ್ನಿನ ಮೇಲೆ ಏರದ ಮಾತ್ರೆ ಯಾವುದು? ಪ್ರತಿಯೊಂದು ಮಾತ್ರೆಯಾಗಿ ಸ್ಟೂಲಿನ ಸುತ್ತ ಕುಣಿದವನು ಅವನು. ಪೆನ್ನು ಕೆಳಗಿಟ್ಟ.

"ಈಗೇನು ತಗೋತಿದ್ದೀರಿ ಅಮ್ಮ?"

"ಬಿಪಿಗೆ ಒಂದೇ ಒಂದು. ಸೊಸೆ ಕೊಟ್ಟಿದ್ದು," ಎನ್ನುತ್ತಾ ಅತ್ತೆ ಸ್ಟೂಲಿನ ಮೇಲೆ ಸರಿದು ಕೂತರು. ತೋಳಿನ ಚೀಲ ಅಲ್ಲಾಡಿತು. ಗಲಗಲ ಎಂದಿತು.

ಸದ್ದು ಎಲ್ಲರಿಗೂ ಕೇಳಿಸಿತು. ಪ್ರಾಂಶುಪಾಲರ ಮುಖ ಅರಳಿತು. ಇಂಪಾದ ಸಂಗೀತ ಕೇಳಿದವರಂತೆ ಅವರು ಯಾಕಮ್ಮನ ಕಡೆ ತಿರುಗಿದರು.

"ಚೀಲದಲ್ಲಿ ಏನಮ್ಮ ಅದು?" ಎಂದ ದೊರೆ.

"ಪೆಪ್ಪರ್‌ಮಿಂಟು."

"ನನಗೊಂದು ಕೊಡಿ, ಬಾಯಿ ಒಣಗಿದೆ."

ಅತ್ತೆ ಚೀಲವನ್ನು ಅಪ್ಪಿಕೊಂಡರು. "ಸಕ್ಕರೆ ಕಾಯಿಲೆಯೋರು ತಿನ್ನೋ ಪೆಪ್ಪರ್‌ಮಿಂಟು. ನೀನು ತಿನ್ಬಾರ್ದು."

ಇನ್ನೊಬ್ಬನಾಗಿದ್ದರೆ ಇಲ್ಲಿ ಗದರುತ್ತಿದ್ದ. ದೊರೆ ಸ್ಟೂಲಿನ ಪಕ್ಕ ನೆಲದ ಮೇಲೆ ಕುಕ್ಕರುಗಾಲಲ್ಲಿ ಕೂತು ದನಿ ತಗ್ಗಿಸಿದ. "ಅಮ್ಮ, ನಾನೂ ನಿಮ್ಮ ಪಾರ್ಟಿನೇ. ನನಗೂ ಮಾತ್ರೆ ಅಂದ್ರೆ ಜೀವ. ಇಲ್ಲಿ ಯಾರನ್ನ ಬೇಕಾದ್ರೂ ಕೇಳಿ. ಬೈಸಿಕೊಂಡು ಬೈಸಿಕೊಂಡು ಕೋಟು ನೋಡಿ ಹೆಂಗಾಗಿದೆ."

ಅತ್ತೆ ಅವನ ಬೆನ್ನು ನೋಡಿದರು. ಕರಗಿದರು. ಆಮೇಲೆ, ಸೊಸೆಯ ಕಡೆ ಒಂದು ಓರೆನೋಟ ಬೀರಿ, ರಾಜಮಾತೆ ಒಡವೆ ಪೆಟ್ಟಿಗೆ ತೆರೆಯುವ ಗಾಂಭೀರ್ಯದಿಂದ ಚೀಲದೊಳಗಿಂದ ಒಂದು ತಗಡಿನ ಡಬ್ಬಿ ತೆಗೆದು ಮುಚ್ಚಳ ಬಿಚ್ಚಿದರು. ಬಿಳಿ, ಹಳದಿ, ಗುಲಾಬಿ, ಅರ್ಧ ಹರಿದ ಬೆಳ್ಳಿಹಾಳೆಗಳಲ್ಲಿ ಎಲ್ಲ ಮಿನುಗಿದವು.

"ಈ ಬಿಳಿದು ಟೈಪಿಸ್ಟಮ್ಮಂದು. ಅವಳಿಗೆ ಬಹಳ ಒಳ್ಳೆ ಡಾಕ್ಟರು. ಬೆಳಿಗ್ಗೆ ಒಂದು ತಗೊಂಡ್ರೆ ತಲೆ ಹಗುರ ಅಂದ್ಲು. ಗುಲಾಬಿದು ದರ್ಜಿ ಹೆಂಡ್ತಿದು, ರಾತ್ರಿ ನಿದ್ದೆಗೆ. ಈ ಹಳದಿದು ಯಾತಕ್ಕೋ ಮರೆತೆ, ಬಣ್ಣ ಚೆನ್ನಾಗಿದೆ ಅಂತ ಇಸ್ಕೊಂಡೆ, ಇನ್ನೂ ನುಂಗಿಲ್ಲ. ನಾನೂ ಅವರಿಗೆ ಪುಕ್ಕಟೆ ತಗೊಳ್ಳಲ್ಲಪ್ಪ, ನನ್ನ ಬಿಪಿದು ಆಗಾಗ ಒಂದೊಂದು ಕೊಡ್ತೀನಿ."

ಯಾಕಮ್ಮನಿಂದ ಒಂದು ಕೀರಲು ಸದ್ದು ಹೊರಟಿತು, ಬಾಗಿಲಿಗೆ ಬೆರಳು ಸಿಕ್ಕಿದವರ ಹಾಗೆ. ಪ್ರಾಂಶುಪಾಲರು "ಶ್!" ಎಂದರು.

ದೊರೆ ಬಿಳಿ ಮಾತ್ರೆಯ ಬೆಳ್ಳಿಹಾಳೆಯನ್ನು ದೀಪಕ್ಕೆ ಹಿಡಿದು ಓದಿದ. ಚೀಲದಲ್ಲಿದ್ದ ಅತ್ತೆಯ ಸ್ವಂತ ಮಾತ್ರೆಯ ಹಾಳೆಯನ್ನೂ ಇಸ್ಕೊಂಡು ಓದಿದ. ಮೇಲೆ ದೊಡ್ಡಕ್ಷರದಲ್ಲಿ ಎರಡು ಬೇರೆ ಬೇರೆ ಹೆಸರು. ಕೆಳಗೆ ಇರುವೆ ಬರೆದಂಥ ಅಕ್ಷರದಲ್ಲಿ ಒಂದೇ ಔಷಧಿ. ಆಮೇಲೆ ಅತ್ತೆಯನ್ನು ಬೆಂಚಿನ ಮೇಲೆ ಮಲಗಿಸಿ ರಕ್ತದೊತ್ತಡ ನೋಡಿದ, ನಿಲ್ಲಿಸಿ ನೋಡಿದ. ನಿಂತಾಗ ಅದು ಬಾವಿಗೆ ಬಿಟ್ಟ ಕೊಡದ ಹಾಗೆ ಸರ್ರನೆ ಇಳಿಯಿತು. ಅವನು ಬೇಗ ಅವರನ್ನು ಕೂರಿಸಿ, ಬೆಂಚುಗಳ ಕಡೆ ತಿರುಗಿ ಕೈ ಬೀಸಿದ.

"ಬನ್ರೋ ನಾಟಕಕ್ಕೆ!"

ಹೇಳಿಸಿಕೊಳ್ಳಬೇಕೇ? ತೆಳ್ಳಗಿನ ಒಬ್ಬ ಹುಡುಗ ರಕ್ತದೊತ್ತಡವಾಗಿ ಎದೆಯುಬ್ಬಿಸಿ ನಿಂತ. ಒಬ್ಬಳು ಅತ್ತೆಯ ಬಿಪಿ ಮಾತ್ರೆಯಾಗಿ ಅವನ ಎಡಗೈ ಹಿಡಿದು ಹಿತವಾಗಿ ಕೆಳಗೆಳೆದಳು. ಅವನ ಎದೆ ಸಮಕ್ಕೆ ಬಂತು.

"ಇದು ನಿಮ್ಮ ಸೊಸೆ ಕೊಟ್ಟಿದ್ದು, ಅಮ್ಮ. ಸರಿಯಾಗಿ ಕೆಲಸ ಮಾಡ್ತಿದೆ. ಈಗ ಟೈಪಿಸ್ಟಮ್ಮಂದು ಬರಲಿ. ಅದೂ ಇದೇ ಔಷಧಿ ಅಮ್ಮ. ಆಳು ಒಂದೇ, ಅಂಗಿ ಬೇರೆ."

ಇನ್ನೊಬ್ಬಳು ಬಂದು ಬಲಗೈ ಹಿಡಿದು ಜಗ್ಗಿದಳು. ರಕ್ತದೊತ್ತಡ ಮೊಣಕಾಲಿಗೆ ಬಿತ್ತು. ಗುಲಾಬಿ ಮಾತ್ರೆಯಾದ ದಪ್ಪ ಹುಡುಗ ಬಂದು ಅವನ ಹೆಗಲ ಮೇಲೆ ತಲೆಯಿಟ್ಟು ಗೊರಕೆ ಹೊಡೆದ. ರಕ್ತದೊತ್ತಡ ನೆಲದ ಮೇಲೆ ಅಂಗಾತ ಮಲಗಿ, "ಅಮ್ಮಾ, ಗೋಡೆಗಳು ವಾಕಿಂಗ್ ಹೊರಟವು!" ಎಂದು ನರಳಿತು.

"ಅಯ್ಯೋ ಪಾಪ, ಬಿಡ್ರೋ ಆ ಹುಡುಗನ್ನ!" ಅತ್ತೆ ಕೂತಲ್ಲೇ ಕೈಚಾಚಿದರು.

"ನೀವೇ ಬಿಡಿಸ್ಬೇಕು ಅಮ್ಮ. ಯಾರನ್ನ ಓಡಿಸ್ಲಿ?"

ಅತ್ತೆ ಯೋಚಿಸಿದರು. "ಆ ಗೊರಕೆಯವನನ್ನ ಮೊದಲು ಎಬ್ಬಿಸು. ಟೈಪಿಸ್ಟಮ್ಮಂದೂ ಹೋಗ್ಲಿ. ಅವಳು ಯಾವಾಗ್ಲೂ ಹೀಗೇ, ಎಲ್ಲಾದ್ರಲ್ಲೂ ಜಗ್ಗೋದು."

ಇಬ್ಬರೂ ಹೋದರು. ರಕ್ತದೊತ್ತಡ ಎದ್ದು ನಿಂತು ಅತ್ತೆಗೆ ಬಗ್ಗಿ ವಂದಿಸಿತು. ದೊರೆ ಚೀಟಿ ಬರೆದ. ಸ್ವಂತ ಬಿಪಿ ಮಾತ್ರೆ, ಮೊದಲಿನಂತೆ ಒಂದು. ಡಬ್ಬಿಯಲ್ಲಿದ್ದದ್ದು: ಬೇಡ. ಹಾಸಿಗೆಯಿಂದ ಏಳುವ ಮುನ್ನ ಅಂಚಿನಲ್ಲಿ ಸ್ವಲ್ಪ ಹೊತ್ತು ಕೂತು ಏಳುವುದು. ಮುಂದಿನ ವಾರ ಬಂದು ಮತ್ತೆ ಒತ್ತಡ ನೋಡಿಸುವುದು. ಬರೆದದ್ದನ್ನು ಓದಿ ಹೇಳಿ, ಅತ್ತೆಯಿಂದಲೂ ಹೇಳಿಸಿ, ಡಬ್ಬಿಯ ಮಾತ್ರೆಗಳನ್ನೆಲ್ಲ ತನ್ನ ಕೋಟಿನ ಜೇಬಿಗೆ ಸುರಿದುಕೊಂಡು, ಹಾಳೆ ಕೈಗಿತ್ತ. ಯಾಕಮ್ಮನ ಕಣ್ಣಲ್ಲಿ ನೀರು ಬಂತು. ದೊರೆಯ ಜೀವನದಲ್ಲೇ ಅತಿ ಚಿಕ್ಕ ಚೀಟಿ!

ಅತ್ತೆ ಹಾಳೆಯನ್ನು ತಿರುಗಿಸಿ ನೋಡಿದರು. ಹಿಂಬದಿ ಖಾಲಿ.

"ಅಷ್ಟೇನಾ? ಇದ್ದಿದ್ದನ್ನೂ ಕಿತ್ಕೊಂಡು ಬರಿಗೈಲಿ ಕಳಿಸ್ತಿದ್ದೀಯಾ?" ತುಟಿ ಉಬ್ಬಿತು. ಹುಬ್ಬು ಗಂಟಾಯಿತು. ಮುಖ ಮೆಲ್ಲಗೆ ಸಿಂಡರಿಸತೊಡಗಿತು.

ಯಾಕಮ್ಮನ ಗುರುವಾರ ಆ ಮುಖದ ಮೇಲೆ ತೂಗಾಡುತ್ತಿತ್ತು. ಪ್ರಾಂಶುಪಾಲರು ಗೆದ್ದವರ ಔದಾರ್ಯದಿಂದ ಗಂಟಲು ಸರಿಮಾಡಿಕೊಂಡು, ಹೊಟ್ಟೆಯನ್ನು ಮುಂದೆ ತಂದು, ಲೋಕೋದ್ಧಾರದ ದನಿಯಲ್ಲಿ ಹೇಳಿದರು: "ಪಾಪ, ಹಿರಿಯರು. ಒಂದು ವಿಟಮಿನ್ನಾದ್ರೂ ಬರೆಯಪ್ಪ. ಇರಲಿ!"

"ಯಾಕೆ?"

ಅದು ಕೋಣೆಯ ಎಲ್ಲ ಗಂಟಲುಗಳಿಂದ ಒಮ್ಮೆಲೇ ಹೊರಟ ಸಿಡಿಲು. ಯಾರೂ ಬೇಕೆಂದು ಕೂಗಿದ್ದಲ್ಲ. ಅಭ್ಯಾಸಬಲ! ಸೀನು ತಡೆಯಬಹುದು, ಇದನ್ನು ತಡೆಯಲಾಗದು. ಕೂಗಿಯಾದ ಮೇಲೆ ಕೂಗಿದ್ದು ಯಾರ ಮೇಲೆಂದು ಹೊಳೆದು, ಹುಡುಗರೆಲ್ಲ ಬಾಯಿಗೆ ಕೈಯಿಟ್ಟುಕೊಂಡರು.

ಪ್ರಾಂಶುಪಾಲರು ಇಂಗು ತಿಂದ ಮಂಗನಂತೆ ಸುತ್ತ ನೋಡಿದರು. "ಏನಿದು? ಏನಾಯ್ತು?"

"ಇಲ್ಲಿನ ಕಾನೂನು ಸರ್," ಎಂದರು ಯಾಕಮ್ಮ, ಬಹಳ ಮೃದುವಾಗಿ. "ಇರಲಿ ಎಂದವರು ಮಾತ್ರೆಯಾಗಬೇಕು."

"ನಾನಾ?"

"ಏಳಪ್ಪ, ನಾಚ್ಕೋಬೇಡ," ಎಂದರು ಅತ್ತೆ. ಸಿಂಡರಿಸುತ್ತಿದ್ದ ಮುಖ ಅರ್ಧದಲ್ಲೇ ನಿಂತು ಕುತೂಹಲದಿಂದ ಬಿಚ್ಚಿಕೊಂಡಿತ್ತು. "ಆ ಸಣ್ಣ ಹುಡುಗ ನೆಲದ ಮೇಲೆ ಬಿದ್ದು ಮಾಡ್ದ. ನಿನಗೇನು ಧಾಡಿ?"

ರೋಗಿಯ ಮುಖ ಅರಳಿಸುವುದೇ ತಮ್ಮ ಷರತ್ತಲ್ಲವೇ? ಪ್ರಾಂಶುಪಾಲರು ಎದ್ದರು. ದೊರೆ ಸೀಮೆಸುಣ್ಣ ಹಿಡಿದು ಅವರ ವಿಶಾಲವಾದ ಬೆನ್ನಿನ ಮೇಲೆ ‘ವಿಟಮಿನ್’ ಎಂದು ಬರೆದ. ಜಾಗ ಇನ್ನೂ ಬಹಳ ಉಳಿಯಿತು. ವಿಟಮಿನ್ನು ನಡೆದು ಬಂದು ಸ್ಟೂಲಿನ ಮುಂದೆ ಕೈಕಟ್ಟಿ ನಿಂತಿತು. ಅತ್ತೆ ವಿಚಾರಣೆಗೆ ತೊಡಗಿದರು.

"ಹೇಳು, ನಿನಗೇನು ಕೆಲಸ?"

"ನಾನು ನಿಮಗೆ ಶಕ್ತಿ ಕೊಡ್ತೀನಮ್ಮ."

"ನನಗೆ ಶಕ್ತಿ ಇಲ್ಲ ಅಂತ ಯಾರು ಹೇಳಿದ್ದು? ಸಾಲಿನಲ್ಲಿ ಮೂರು ಜನರನ್ನ ತಳ್ಳಿ ಮುಂದೆ ಬಂದಿದ್ದೀನಿ."

"ಆದ್ರೂ... ಕಡಿಮೆಯಾಗಿದ್ರೆ..."

"ಊಟ ತಿಂಡಿ ಹೇಗೆ ಅಮ್ಮ?" ಎಂದು ದೊರೆ ನಡುವೆ ಕೇಳಿದ.

"ಸೊಸೆಯನ್ನೇ ಕೇಳ್ಬೇಕು. ಸೊಪ್ಪು, ಕಾಳು, ಹಣ್ಣು, ಹಾಲು. ದನ ಸಾಕಿದ ಹಾಗೆ ಸಾಕ್ತಾಳೆ." ಮತ್ತೆ ವಿಟಮಿನ್ನಿನ ಕಡೆ ತಿರುಗಿ, "ಸರಿ, ನಾನು ನಿನ್ನನ್ನ ನುಂಗಿದೆ ಅನ್ಕೋ. ಹೊಟ್ಟೇಲಿ ಆಗಲೇ ಎಲ್ಲಾ ಇದೆ. ನೀನು ಏನ್ ಮಾಡ್ತೀಯ?"

ಪ್ರಾಂಶುಪಾಲರು ಮೂಳೆ ಡಾಕ್ಟರಾದರೂ ಡಾಕ್ಟರೇ. ಸತ್ಯ ಗೊತ್ತಿತ್ತು. "ಹೊರಗೆ ಹೋಗ್ತೀನಿ," ಎಂದರು ಸಣ್ಣ ದನಿಯಲ್ಲಿ.

"ಯಾವ ಬಾಗಿಲಿಂದ?"

"...ಮೂತ್ರದಲ್ಲಿ."

"ಬಣ್ಣ ಸರ್?" ದೊರೆ ವಿನಯದಿಂದ ಕೇಳಿದ.

"ಹಳದಿ."

ಅತ್ತೆ ಒಂದು ಗಳಿಗೆ ಅವರನ್ನು ಮೇಲಿಂದ ಕೆಳಗೆ ನೋಡಿದರು. "ಅಲ್ಲಪ್ಪ, ನಾನೇನು ಬಚ್ಚಲಿಗೆ ಟಾನಿಕ್ ಕುಡಿಸೋಕೆ ಬಂದಿದ್ದೀನಾ?" ಎಂದವರೇ ನಗತೊಡಗಿದರು. ನಗು ಹೊಟ್ಟೆಯಿಂದ ಎದ್ದು, ಭುಜ ಕುಣಿಸಿ, ಕಣ್ಣಲ್ಲಿ ನೀರು ತರಿಸಿತು. ಕೋಣೆ ಸಿಡಿದು ನಕ್ಕಿತು. ಕೊನೆಗೆ ವಿಟಮಿನ್ನೂ ನಕ್ಕಿತು, ಎಲ್ಲ ಹಲ್ಲು ಕಾಣುವ ಹಾಗೆ. ಅದಕ್ಕೆ ಹೊರಗಿನ ಪಂಡಿತರ ಅಗತ್ಯ ಬೀಳಲಿಲ್ಲ.

ಹೊರಡುವಾಗ ಅತ್ತೆ ದೊರೆಯಿಂದ ‘ಬೇಡ’ ಎಂಬುದಕ್ಕೆ ಅಡಿಗೆರೆ ಎಳೆಸಿ, ದೊಡ್ಡದಾಗಿ ಸಹಿ ಹಾಕಿಸಿ, ಸೀಲು ಹೊಡೆಸಿಕೊಂಡರು. "ಚೆನ್ನಾಗಿ ಕಾಣೋ ಹಾಗೆ ಹೊಡಿ. ಪಾರ್ಕಿನಲ್ಲಿ ತೋರಿಸ್ಬೇಕು. ಮಾತ್ರೆ ಎಲ್ಲರಿಗೂ ಬರ್ಕೊಡ್ತಾರೆ. ‘ಬೇಡ’ ಯಾರಿಗೆ ಬರ್ಕೊಟ್ಟಿದ್ದಾರೆ?"

ಪ್ರಾಂಶುಪಾಲರು ಬಾಗಿಲಲ್ಲಿ ಕೇಳಿದರು: "ಮನೇಲಿ ನೋಡ್ಕೊಳ್ಳೋಕೆ ಸೊಸೆ ಇದ್ದಾರೆ ಅಂದ್ರಲ್ಲಮ್ಮ. ಏನ್ ಮಾಡ್ಕೊಂಡಿದ್ದಾರೆ?"

"ಇಲ್ಲೇ ನಿಂತಿದ್ದಾಳಲ್ಲ, 'ಯಾಕೆ ಯಾಕೆ' ಅನ್ಕೊಂಡು."

ಪ್ರಾಂಶುಪಾಲರು ಇಬ್ಬರ ಮುಖವನ್ನೂ ನೋಡಿದರು. ಅವರಿಗೂ ಮನೆಯಲ್ಲಿ ಹೆಂಡತಿಯ ತಾಯಿ ಇದ್ದರು. ಆಕೆಯನ್ನು ಇದುವರೆಗೆ ಒಮ್ಮೆಯೂ ನಗಿಸಲು ಅವರಿಂದ ಆಗಿರಲಿಲ್ಲ. "ಮೇಡಂ," ಎಂದರು ಕೈಮುಗಿದು, "ಸ್ವಂತ ಅತ್ತೆ ನಗ್ತಾ ಹೊರಗೆ ಹೋದ ಮೇಲೆ ಇನ್ಯಾವ ಪರೀಕ್ಷೆ? ಗುರುವಾರ ನಿಮ್ಮದೇ." ಹಾಗೆಂದು, ಬೆನ್ನ ಮೇಲೆ ‘ವಿಟಮಿನ್’ ಎಂದು ಬರೆದದ್ದನ್ನು ಮರೆತು, ಗಂಭೀರವಾಗಿ ಆಸ್ಪತ್ರೆಯ ಉದ್ದಕ್ಕೂ ನಡೆದುಹೋದರು.

ಮುಂದಿನ ವಾರ ಅತ್ತೆಯ ಗೋಡೆಗಳು ವಾಕಿಂಗ್ ನಿಲ್ಲಿಸಿದವು. ಬೆಂಚಿನ ನಡುವಿನ ಜಾಗ ಅವರದಾಯಿತು. ಟೈಪಿಸ್ಟಮ್ಮನೂ ದರ್ಜಿಯ ಹೆಂಡತಿಯೂ ತಮಗೂ ಒಂದೊಂದು ‘ಬೇಡ’ ಬೇಕೆಂದು ತಮ್ಮ ಡಬ್ಬಿಗಳ ಸಮೇತ ಹೋಗಿ ದೊರೆಯ ಮುಂದೆ ಸಾಲು ನಿಂತರು.

ಆದರೆ ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ. ಒಂದು ಭಾನುವಾರ ಯಾಕಮ್ಮ ಅಡುಗೆಮನೆಯ ಮೇಲಿನ ಕಪಾಟಿಗೆ ಇನ್ನೊಂದು ಡಬ್ಬಿ ತುರುಕುತ್ತಿದ್ದಾಗ ಒಳಗಿನ ಕುಟುಂಬವೆಲ್ಲ ದಡಬಡನೆ ಅವರ ತಲೆಯ ಮೇಲೆ ಇಳಿಯಿತು. ಅತ್ತೆ ಬಾಗಿಲಲ್ಲಿ ನಿಂತಿದ್ದರು. ಬಹಳ ದಿನಗಳಿಂದ ಕಾಯುತ್ತಿದ್ದ ಪ್ರಶ್ನೆಯನ್ನು ಈಗ ಕೇಳಿದರು.

"ಇವೆಲ್ಲ ಯಾಕಮ್ಮ?"

"ಅದೇ ಅತ್ತೆ, ಯಾವತ್ತಾದ್ರೂ ಬೇಕಾಗುತ್ತೆ, ಇರಲಿ ಅಂ..."

ಮಾತು ಅರ್ಧದಲ್ಲೇ ನಿಂತಿತು. ತಡವಾಗಿತ್ತು. ಹೊರಕೋಣೆಯಲ್ಲಿ ಗಂಡ ಪತ್ರಿಕೆ ಮಡಚಿಟ್ಟು ಬಂದರು. ಮದುವೆಯಾದ ಮೇಲೆ ಮೊದಲ ಬಾರಿಗೆ ಒಂದು ಪಕ್ಷ ಸೇರಿ, "ಯಾಕೆ?" ಎಂದು ಅಮ್ಮನ ಜೊತೆ ಕೂಗಿದರು.

"ಬಾ ಮಧ್ಯಕ್ಕೆ," ಎಂದರು ಅತ್ತೆ. "ಮುಚ್ಚಳ ಇಲ್ಲದ ಡಬ್ಬಿ ನೀನು."

ಕಾನೂನು ಕಾನೂನೇ. ಯಾಕಮ್ಮ ಅಡುಗೆಮನೆಯ ನಡುವೆ ತೋಳು ದುಂಡಗೆ ಮಾಡಿ, ಬಾಯಿ ತೆರೆದು ನಿಂತರು.

"ಒಳಗೆ ಏನಿದೆ?"

"ಗಾಳಿ, ಅತ್ತೆ."

"ಕೆಲಸ ಏನು?"

"ಬಾಗಿಲು ತೆರೆದವರ ತಲೆ ಮೇಲೆ ಬೀಳೋದು."

ಸಂಜೆಯೊಳಗೆ ಕಪಾಟು ಖಾಲಿಯಾಯಿತು. ಕಸದ ಚೀಲ ಕಟ್ಟುವ ಮೊದಲು ಯಾಕಮ್ಮ ಅತ್ತೆಯ ಚೀಲಕ್ಕೆ ಕೈಹಾಕಿ, ಈಗ ಖಾಲಿಯಾಗಿದ್ದ ಆ ತಗಡಿನ ಡಬ್ಬಿಯನ್ನೂ ಎತ್ತಿಕೊಂಡರು.

"ಏಯ್, ಅದನ್ನ ಬಿಸಾಡ್ಬೇಡ ಕಣೆ. ಮುಚ್ಚಳ ಎಷ್ಟು ಗಟ್ಟಿಯಾಗಿದೆ ನೋಡು, ಮನೇಲಿ ಒಂದು ಇ..."

ಗಂಡ ಹೆಂಡತಿ ಇಬ್ಬರೂ ಉಸಿರು ತೆಗೆದುಕೊಂಡು ಸಿದ್ಧರಾದರು. ಅತ್ತೆ ಇಬ್ಬರನ್ನೂ ನೋಡಿದರು. ಆಮೇಲೆ ಬಾಯಿ ಮುಚ್ಚಿ, ಕತ್ತು ಹಿಂದಕ್ಕೆ ಒಗೆದು, ನಾಲಿಗೆಯ ತುದಿಗೆ ಬಂದ ಆ ಮಾತನ್ನು ಗುಟುಕು ನೀರೂ ಇಲ್ಲದೆ ಮಾತ್ರೆಯ ಹಾಗೆ ನುಂಗಿಬಿಟ್ಟರು.